ಮೈಸೂರಿನ ಜಾವಾ ಮತ್ತು ಯೆಜ್ಡಿ ಬೈಕುಗಳ ಇತಿಹಾಸ ಹಾಗೂ ಸಂರಕ್ಷಣೆ

ಜಾವಾ ಮತ್ತು ಯೆಜ್ಡಿ ಎಂಬ ಹೆಸರಿನ ಬೈಕುಗಳನ್ನು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ (ಇಂಡಿಯಾ) ಕಂಪನಿಯು 1961ರಿಂದ 1996ರವರೆಗೆ ತಯಾರಿಸಿತು. ಆರಂಭದಲ್ಲಿ ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿಯಲ್ಲಿ ಅದೇ ಹೆಸರಿನಿಂದ, 1973ರಿಂದ ಯೆಜ್ಡಿ ಎಂಬ ಸ್ವಂತ ಹೆಸರಿನಿಂದ ಇವು ಮಾರಾಟವಾದವು. ಕಾರ್ಖಾನೆ ಮುಚ್ಚಿ ಹಲವು ದಶಕಗಳು ಕಳೆದರೂ ಇವು ಕರ್ನಾಟಕದ ರಸ್ತೆಗಳಿಂದ ಪೂರ್ತಿಯಾಗಿ ಮರೆಯಾಗಿಲ್ಲ. ತಯಾರಕ ಸಂಸ್ಥೆಯೇ ಸಮಾಪನಗೊಂಡಿರುವುದರಿಂದ ಇವುಗಳ ಇತಿಹಾಸವು ಉಳಿದ ವಾಹನಗಳಲ್ಲಿ, ನೋಂದಣಿ ಕಾಗದಗಳಲ್ಲಿ, ಬಿಡಿಭಾಗಗಳ ಕೈಪಿಡಿಗಳಲ್ಲಿ ಹಾಗೂ ಹಳೆಯ ಕಾರ್ಮಿಕರ ಮತ್ತು ಮೆಕ್ಯಾನಿಕ್‌ಗಳ ನೆನಪಿನಲ್ಲಿ ಚದುರಿಹೋಗಿದೆ. ಈ ಲೇಖನವು ಬೈಕುಗಳ ಚರಿತ್ರೆಯೊಂದಿಗೆ, ಆ ಚರಿತ್ರೆಯನ್ನು ಶೋಧಿಸುವ ಮತ್ತು ಉಳಿಸುವ ಕ್ರಮವನ್ನೂ ವಿವರಿಸುತ್ತದೆ.

ಹಿನ್ನೆಲೆ

ಜಾವಾ ಸಂಸ್ಥೆಯನ್ನು ಪ್ರಾಗ್ ನಗರದಲ್ಲಿ 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಸ್ಥಾಪಿಸಿದರು. ಶಸ್ತ್ರಾಸ್ತ್ರ ಉದ್ಯಮಿಯಾಗಿದ್ದ ಅವರು ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿಸಿ ಬೈಕಿನ ತಯಾರಿಕಾ ಹಕ್ಕನ್ನು ಕೊಂಡರು. ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ 'ಜಾವಾ' ಆಯಿತು. ಇಂಡೊನೇಷ್ಯದ ಜಾವಾ ದ್ವೀಪಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಎರಡನೆಯ ಮಹಾಯುದ್ಧದ ನಂತರ 1946ರಲ್ಲಿ ಬಂದ 'ಪೇರಾಕ್' ಮತ್ತು 1954ರಲ್ಲಿ ಬಂದ 353 ಮಾದರಿಯ 250 ಸಿಸಿ ಬೈಕುಗಳು ಜಾವಾಗೆ ಜಗತ್ತಿನಾದ್ಯಂತ ಹೆಸರು ತಂದವು. ಮೈಸೂರಿನ ಬೈಕುಗಳ ಮೂಲ ಈ 353.

ಭಾರತದಲ್ಲಿ 1950ರ ದಶಕದಲ್ಲಿ ವಿದೇಶಿ ವಿನಿಮಯದ ಕೊರತೆಯಿಂದ ಸಿದ್ಧ ವಾಹನಗಳ ಆಮದಿಗೆ ನಿರ್ಬಂಧಗಳು ಬಿದ್ದವು. ವಿದೇಶಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಇಲ್ಲಿಯೇ ತಯಾರಿಸುವುದು ಉಳಿದ ದಾರಿಯಾಗಿತ್ತು. ಮದರಾಸಿನಲ್ಲಿ ಎನ್‌ಫೀಲ್ಡ್, ಫರೀದಾಬಾದಿನಲ್ಲಿ ರಾಜದೂತ್ ಬಂದದ್ದು ಇದೇ ದಾರಿಯಲ್ಲಿ. ಮುಂಬಯಿಯ ಉದ್ಯಮಿಗಳಾದ ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಅವರು ಜಾವಾ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು 1960ರಲ್ಲಿ ಮೈಸೂರಿನಲ್ಲಿ ಕಂಪನಿಯನ್ನು ನೆಲೆಗೊಳಿಸಿದರು.

ಮೈಸೂರಿನ ಕಾರ್ಖಾನೆ

ಯಾದವಗಿರಿಯ ಕಾರ್ಖಾನೆಯನ್ನು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಅರಮನೆ, ರೇಷ್ಮೆ, ಗಂಧದೆಣ್ಣೆಗಳಿಗೆ ಹೆಸರಾಗಿದ್ದ ಊರಿನಲ್ಲಿ ಇಂಥದ್ದೊಂದು ಎಂಜಿನಿಯರಿಂಗ್ ಉದ್ಯಮ ಹೊಸದಾಗಿತ್ತು. ಕೆಲವೇ ವರ್ಷಗಳಲ್ಲಿ 'ಜಾವಾ ಫ್ಯಾಕ್ಟರಿ' ಎಂಬುದು ಮೈಸೂರಿಗರ ಮಾತಿನಲ್ಲಿ ವಿಳಾಸ ಹೇಳುವ ಗುರುತಾಯಿತು. ಕಾರ್ಖಾನೆ ಹೋದ ಮೇಲೂ ಯಾದವಗಿರಿಯ ಐಡಿಯಲ್ ಜಾವಾ ರೋಟರಿ ಶಾಲೆಯ ಹೆಸರಿನಲ್ಲಿ ಅದು ಉಳಿದಿದೆ.

ಆರಂಭದ ಬೈಕುಗಳಲ್ಲಿ ಆಮದಾದ ಭಾಗಗಳೇ ಹೆಚ್ಚಾಗಿದ್ದು, ಕ್ರಮೇಣ ಭಾಗಗಳು ಒಂದೊಂದಾಗಿ ದೇಶದಲ್ಲಿಯೇ ತಯಾರಾಗತೊಡಗಿದವು. ಸಂಶೋಧಕರಿಗೆ ಇದು ಮುಖ್ಯ ವಿಷಯ. ಒಂದು ಬೈಕಿನ ಮೇಲೆ ಜೆಕ್ ಗುರುತುಳ್ಳ ಭಾಗ ಕಂಡರೆ ಅದು ಮೊದಲ ವರ್ಷಗಳದ್ದಿರಬಹುದು, ಇಲ್ಲವೆ ಮುಂದೆ ಯಾರೋ ತಂದು ಜೋಡಿಸಿದ್ದಿರಬಹುದು. ಒಂದೇ ಗುರುತಿನಿಂದ ಕಾಲನಿರ್ಣಯ ಮಾಡಲು ಬಾರದು.

1973ರಲ್ಲಿ ಕಂಪನಿಯು ಜಾವಾ ಹೆಸರನ್ನು ಬಿಟ್ಟು 'ಯೆಜ್ಡಿ' ಎಂಬ ಹೆಸರನ್ನು ತಳೆಯಿತು. ಇರಾನಿನ ಯಜ್ದ್ ನಗರದಿಂದ ಬಂದ ಹೆಸರಿದು. ಆ ನಗರ ಜರತುಷ್ಟ್ರ ಧರ್ಮೀಯರ ಪ್ರಾಚೀನ ನೆಲೆ, ಸಂಸ್ಥಾಪಕ ಕುಟುಂಬದ ಮೂಲದ ನೆನಪು. ಮೈಸೂರು ರಾಜ್ಯವು ಕರ್ನಾಟಕ ಎಂದು ಹೆಸರು ಬದಲಿಸಿಕೊಂಡದ್ದೂ 1973ರಲ್ಲಿಯೇ. ಇದು ಕಾಕತಾಳೀಯವಾದರೂ ಕಾಲ ಗುರುತಿಸುವವರಿಗೆ ನೆನಪಿಡಲು ಅನುಕೂಲ. ಟ್ಯಾಂಕಿನ ಮೇಲೆ ಜಾವಾ ಎಂದಿರುವ ಮೈಸೂರು ಬೈಕು ಸಾಮಾನ್ಯವಾಗಿ 'ಮೈಸೂರು ರಾಜ್ಯ'ದ ಕಾಲದ್ದು, ಯೆಜ್ಡಿ ಎಂದಿರುವುದು 'ಕರ್ನಾಟಕ'ದ ಕಾಲದ್ದು.

ಯಂತ್ರರಚನೆ

ಮೈಸೂರಿನ 250 ಸಿಸಿ ಬೈಕುಗಳಲ್ಲಿ ಒಂದೇ ಸಿಲಿಂಡರಿನ ಎರಡು ಹೊಡೆತದ (ಟೂ ಸ್ಟ್ರೋಕ್) ಎಂಜಿನ್ ಇದೆ. ಸಿಲಿಂಡರಿನ ಒಳವ್ಯಾಸ 65 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ. ಸಿಲಿಂಡರ್ ಒಂದೇ ಆದರೂ ಹೊಗೆ ಹೊರಹೋಗುವ ದ್ವಾರಗಳು ಎರಡು. ಆದ್ದರಿಂದ ಬೈಕಿನ ಎರಡೂ ಪಕ್ಕದಲ್ಲಿ ಒಂದೊಂದು ಸೈಲೆನ್ಸರ್ ಇರುತ್ತದೆ. ದೂರದಿಂದಲೇ ಕಿವಿಗೆ ಗುರುತು ಸಿಗುವ ಆ ಸದ್ದು ಹುಟ್ಟುವುದು ಈ ರಚನೆಯಿಂದ.

ಇನ್ನೊಂದು ವಿಶೇಷವೆಂದರೆ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಆಗಿರುವುದು. ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್. ಎಂಜಿನ್ ಚಾಲೂ ಆದ ಮೇಲೆ ಹಿಂದಿನ ಸ್ಥಾನಕ್ಕೆ ಬಂದರೆ ಅದೇ ಗೇರ್ ಲಿವರ್. ಗೇರ್ ಬದಲಿಸುವಾಗ ಲಿವರಿನ ಚಲನೆಯೇ ಕ್ಲಚ್ಚನ್ನು ಬಿಡಿಸುವ ಏರ್ಪಾಡೂ ಇದೆ. ಹೀಗಾಗಿ ಕ್ಲಚ್ ಕೇಬಲ್ ತುಂಡಾದರೂ ಊರು ಮುಟ್ಟಲು ಸಾಧ್ಯವಾಗುತ್ತಿತ್ತು. ಬುಲೆಟ್ ಅಥವಾ ರಾಜದೂತ್ ಓಡಿಸಿದವರಿಗೆ ಇದೆಲ್ಲ ಮೊದಲ ದಿನ ಗೊಂದಲವೆನಿಸುತ್ತದೆ. ಹಿಂಬದಿಯ ಸರಪಳಿಗೆ ಪೂರ್ತಿ ಮುಚ್ಚಿಗೆ ಇದ್ದುದರಿಂದ ಧೂಳಿನ ರಸ್ತೆಗಳಲ್ಲಿಯೂ ಅದು ಬಹುಕಾಲ ಬಾಳುತ್ತಿತ್ತು. ಕಂಪನಿಯ ಘೋಷವಾಕ್ಯದ ತಾತ್ಪರ್ಯ, ಈ ಬೈಕು ಶಾಶ್ವತ, ಇದರ ಬೆಲೆಯೂ ಶಾಶ್ವತ ಎಂದಾಗಿತ್ತು.

ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುವುದು ವಾಡಿಕೆ. 1970ರ ದಶಕದ 'ಆಯಿಲ್ ಕಿಂಗ್' ಮಾದರಿಯಲ್ಲಿ ಮಾತ್ರ ಎಣ್ಣೆಗೆ ಪ್ರತ್ಯೇಕ ಪಂಪ್ ಇತ್ತು. ಮುಂದೆ ಆ ಪಂಪನ್ನು ಕಿತ್ತುಹಾಕಿ ಸಾಮಾನ್ಯ ಯೆಜ್ಡಿಯಂತೆ ಮಾಡಿಕೊಂಡವರಿದ್ದಾರೆ. ಪಂಪ್ ಸಮೇತ ಉಳಿದಿರುವ ಆಯಿಲ್ ಕಿಂಗ್ ಇಂದು ವಿರಳ.

ಮಾದರಿಗಳು

ಮೊದಲು ಬಂದ 353 ಮಾದರಿಯನ್ನು ಇಲ್ಲಿನ ಬಳಕೆದಾರರು 'ಎ ಟೈಪ್' ಎಂದೂ, ಅನಂತರದ್ದನ್ನು 'ಬಿ ಟೈಪ್' ಎಂದೂ ಕರೆಯುತ್ತಾರೆ. ಹೊಳೆಯುವ ಕ್ರೋಮ್ ಬದಿಗಳ ಟ್ಯಾಂಕ್, ಅದರ ಮೇಲೆ ಮೊಣಕಾಲಿಗೆ ಒರಗಲು ರಬ್ಬರ್ ಪಟ್ಟಿ, ಕೈಯಿಂದ ಎಳೆದ ತೆಳುವಾದ ಬಣ್ಣದ ಗೆರೆ, 16 ಅಂಗುಲದ ಚಕ್ರಗಳು ಇವುಗಳ ಲಕ್ಷಣ. ಯೆಜ್ಡಿ ಹೆಸರಿನಲ್ಲಿ ಕ್ಲಾಸಿಕ್, ಡಿಲಕ್ಸ್, ಮೊನಾರ್ಕ್ ಮೊದಲಾದವು ಬಂದವು. ಇವುಗಳಲ್ಲಿ ಕೆಲವು ಹೊರರೂಪದಲ್ಲಷ್ಟೇ ಒಂದಕ್ಕೊಂದು ಬೇರೆ.

1978ರಲ್ಲಿ ಬಂದ 'ರೋಡ್‌ಕಿಂಗ್' ಯೆಜ್ಡಿಗಳಲ್ಲೇ ಹೆಚ್ಚು ಹೆಸರಾದದ್ದು. 16 ಅಶ್ವಶಕ್ತಿಯ ಎಂಜಿನ್ ಹೊಂದಿದ್ದ ಇದು ಮದರಾಸಿನ ಬಳಿಯ ಶೋಳಾವರಂ ಪಂದ್ಯಗಳಲ್ಲೂ, ರ‍್ಯಾಲಿಗಳಲ್ಲೂ ಓಡಿತು. ಕಾರ್ಖಾನೆ ಮುಚ್ಚುವವರೆಗೂ ಇದರ ತಯಾರಿಕೆ ನಡೆದಿತ್ತು. 1980ರ ದಶಕದಲ್ಲಿ ಬಂದ ಎರಡು ಸಿಲಿಂಡರಿನ 350 ಸಿಸಿ ಯೆಜ್ಡಿ ತಾಂತ್ರಿಕವಾಗಿ ದೊಡ್ಡ ಹೆಜ್ಜೆಯಾಗಿದ್ದರೂ ದುಬಾರಿಯಾದುದರಿಂದ ಅಲ್ಪಕಾಲದಲ್ಲಿಯೇ ನಿಂತುಹೋಯಿತು.

ಕಿರು ವಾಹನಗಳು

ಕಂಪನಿಯು 50 ಮತ್ತು 60 ಸಿಸಿ ಗಾತ್ರದ ಕಿರು ವಾಹನಗಳನ್ನೂ ತಯಾರಿಸಿತು. 'ಜೆಟ್' ಮತ್ತು 'ಕೋಲ್ಟ್' ಎಂಬವು ಅವುಗಳಲ್ಲಿ ಪರಿಚಿತವಾದ ಹೆಸರುಗಳು. ಪುಣೆಯಿಂದ 1972ರಲ್ಲಿ ಬಂದ ಲೂನಾ, ಹೊಸೂರಿನಿಂದ 1980ರಲ್ಲಿ ಬಂದ ಟಿವಿಎಸ್ 50 ಇವುಗಳ ಮುಂದೆ ಮೈಸೂರಿನ ಕಿರು ವಾಹನಗಳು ಜನಪ್ರಿಯತೆಯಲ್ಲಿ ನಿಲ್ಲಲಿಲ್ಲ. 250 ಸಿಸಿ ಬೈಕಿಗೆ ಇರುವ ಅಭಿಮಾನಿಗಳೂ ಇವಕ್ಕಿಲ್ಲ. ಆದರೆ ಇತಿಹಾಸದ ದೃಷ್ಟಿಯಿಂದ ಮೊದಲು ಗಮನ ಕೊಡಬೇಕಾದದ್ದು ಇವಕ್ಕೇ. ದೊಡ್ಡ ಬೈಕು ಕೆಟ್ಟರೆ ಮನೆಯ ಹಿತ್ತಿಲಿನಲ್ಲಾದರೂ ನಿಲ್ಲುತ್ತದೆ. ಮೋಪೆಡ್ ಕೆಟ್ಟರೆ ಗುಜರಿಗೆ ಹೋಗುತ್ತದೆ.

ಕಿರು ವಾಹನಗಳ ಈ ಪಾಡು ಮೈಸೂರಿಗೆ ಸೀಮಿತವಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಎಕ್ಸೆಲ್ಸಿಯರ್ ಕಂಪನಿಯು ಪ್ಯಾರಾಚೂಟಿನಿಂದ ಇಳಿಸುವ ಲೋಹದ ಡಬ್ಬಿಯಲ್ಲಿ ಹಿಡಿಯುವಂತೆ ಮಡಚಬಹುದಾದ 'ವೆಲ್‌ಬೈಕ್' ಎಂಬ 98 ಸಿಸಿ ಮಿನಿಬೈಕನ್ನು 3,641ರಷ್ಟು ಸಂಖ್ಯೆಯಲ್ಲಿ ತಯಾರಿಸಿತ್ತು. ಯುದ್ಧದ ನಂತರ ಅದರಿಂದ ನಾಗರಿಕ ಬಳಕೆಯ 'ಕಾರ್ಗಿ' ಹುಟ್ಟಿತು. ಜಪಾನಿನ ಹೋಂಡಾ ಕಂಪನಿಯು 1981ರಲ್ಲಿ ಕಾರಿನ ಡಿಕ್ಕಿಯಲ್ಲಿ ಇಡಬಹುದಾದ 49 ಸಿಸಿಯ 'ಮೋಟೊಕಾಂಪೊ'ವನ್ನು ಹೊರತಂದಿತು. ಆಟಿಕೆಯಂತೆ ಕಂಡ ಇವು ತಮ್ಮ ಕಾಲದಲ್ಲಿ ಸಂಗ್ರಹಯೋಗ್ಯವೆಂದು ಯಾರಿಗೂ ಅನಿಸಲಿಲ್ಲ. ಇಂದು ಇವುಗಳ ಚರಿತ್ರೆಯನ್ನು ಹವ್ಯಾಸಿಗಳು ಉಳಿದ ಒಂದೊಂದೇ ವಾಹನದ ಸಂಖ್ಯೆಗಳನ್ನು ಪಟ್ಟಿಮಾಡಿ ಮರಳಿ ಕಟ್ಟುತ್ತಿದ್ದಾರೆ. ಜೆಟ್ ಮತ್ತು ಕೋಲ್ಟ್‌ಗಳಿಗೂ ಆಗಬೇಕಾದ ಕೆಲಸ ಅದೇ. ಭಾರತದಲ್ಲಿ ಮಿನಿಬೈಕ್ ರೂಪದ ವಾಹನವೊಂದು ಸಿನಿಮಾದಿಂದಲೇ ಹೆಸರು ಗಳಿಸಿ ಉಳಿದುಕೊಂಡ ಅಪವಾದವೂ ಇದೆ: 1973ರ 'ಬಾಬಿ' ಹಿಂದಿ ಚಿತ್ರದಲ್ಲಿ ಕಂಡ ರಾಜದೂತ್ ಜಿಟಿಎಸ್ 175 ಅನ್ನು ಜನ ಇಂದಿಗೂ 'ಬಾಬಿ' ಎಂದೇ ಕರೆಯುತ್ತಾರೆ.

ಅವಸಾನ

1980ರ ದಶಕದ ಮಧ್ಯದಲ್ಲಿ ಜಪಾನಿನ ಸಹಯೋಗದಿಂದ 100 ಸಿಸಿ ಬೈಕುಗಳು ಬಂದವು. 1984ರಲ್ಲಿ ಟಿವಿಎಸ್ ಸುಜುಕಿ, 1985ರಲ್ಲಿ ಹೀರೊ ಹೋಂಡಾ ಮತ್ತು ಯಮಹಾ ಆರ್‌ಎಕ್ಸ್ 100 ಮಾರುಕಟ್ಟೆಗಿಳಿದವು. ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ದೂರ ಎಂಬುದೇ ಕೊಳ್ಳುವವರ ಮೊದಲ ಪ್ರಶ್ನೆಯಾದಾಗ 250 ಸಿಸಿಯ ಎರಡು ಹೊಡೆತದ ಎಂಜಿನ್‌ಗೆ ಉತ್ತರವಿರಲಿಲ್ಲ. 1996ರಲ್ಲಿ ಜಾರಿಗೆ ಬಂದ ಹೊಗೆ ನಿಯಮಗಳಿಗೆ ಹೊಂದಿಸಲು ಎಂಜಿನ್ನನ್ನು ಹೊಸದಾಗಿಯೇ ರೂಪಿಸಬೇಕಿತ್ತು. ಆರ್ಥಿಕವಾಗಿ ದುರ್ಬಲವಾಗಿದ್ದ ಕಂಪನಿಗೆ ಅದು ಸಾಧ್ಯವಾಗದೆ ಅದೇ ವರ್ಷ ಉತ್ಪಾದನೆ ನಿಂತಿತು. 2001ರಲ್ಲಿ ಕರ್ನಾಟಕ ಹೈಕೋರ್ಟು ಕಂಪನಿಯ ಸಮಾಪನಕ್ಕೆ ಆದೇಶಿಸಿತು. ಆಸ್ತಿಗಳು ಅಧಿಕೃತ ಸಮಾಪಕರ ವಶಕ್ಕೆ ಹೋದವು. ಮೈಸೂರಿನಲ್ಲಿ ದ್ವಿಚಕ್ರ ವಾಹನ ತಯಾರಿಕೆ ಮಾತ್ರ ನಿಲ್ಲಲಿಲ್ಲ. ಟಿವಿಎಸ್ ಕಂಪನಿಯ ಕಾರ್ಖಾನೆಯಲ್ಲಿ ಅದು ಮುಂದುವರಿದಿದೆ.

ಇತಿಹಾಸ ಸಂಶೋಧನೆಯ ಆಧಾರಗಳು

ಬ್ರಿಟನ್ನಿನಲ್ಲಿ 1946ರಲ್ಲಿ ಸ್ಥಾಪನೆಯಾದ ವಿಂಟೇಜ್ ಮೋಟಾರ್‌ಸೈಕಲ್ ಕ್ಲಬ್ಬು ಮುಚ್ಚಿಹೋದ ಅನೇಕ ಕಂಪನಿಗಳ ರವಾನೆ ಪುಸ್ತಕಗಳನ್ನು ತನ್ನ ಗ್ರಂಥಾಲಯದಲ್ಲಿ ಕಾಪಾಡಿದೆ. ಯಾವ ಚಾಸಿಸ್ ಸಂಖ್ಯೆಯ ಬೈಕು ಯಾವ ದಿನ ಯಾವ ಮಾರಾಟಗಾರನಿಗೆ ಹೋಯಿತು ಎಂದು ಆ ಪುಸ್ತಕಗಳಿಂದ ಹೇಳಬಹುದು. ಅದರ ಆಧಾರದ ಮೇಲೆ ಕಾಲನಿರ್ಣಯ ಪತ್ರವನ್ನೂ ಕೊಡಲಾಗುತ್ತದೆ. ಮೈಸೂರು ಬೈಕುಗಳ ಸಂಶೋಧಕರು ಇನ್ನೊಂದು ತುದಿಯಿಂದ, ಅಂದರೆ ಕೈಯಲ್ಲಿರುವ ವಾಹನದಿಂದ ಹಿಂದಕ್ಕೆ ನಡೆಯಬೇಕಾಗುತ್ತದೆ.

ಮೊದಲ ಆಧಾರ ವಾಹನದ ಸಂಖ್ಯೆಗಳು. ಚಾಸಿಸ್ ಸಂಖ್ಯೆ ಚೌಕಟ್ಟಿನ ಮೇಲೂ, ಎಂಜಿನ್ ಸಂಖ್ಯೆ ಕ್ರ್ಯಾಂಕ್‌ಕೇಸಿನ ಮೇಲೂ ಅಚ್ಚಾಗಿರುತ್ತವೆ. ಇವೆರಡನ್ನೂ ಆರ್‌ಸಿ ಪುಸ್ತಕದೊಂದಿಗೆ ತಾಳೆ ನೋಡಬೇಕು. ಸಂಖ್ಯೆಯ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಪ್ರತಿ ತೆಗೆಯುವ ಹಳೆಯ ಆರ್‌ಟಿಒ ಕ್ರಮವೇ ಇಲ್ಲಿಯೂ ಒಳ್ಳೆಯದು. ಅಂಕಿಗಳ ಆಕಾರ, ನಡುವಣ ಅಂತರ, ಅಳಿಸಿ ಮತ್ತೆ ಹೊಡೆದ ಗುರುತು ಇವೆಲ್ಲ ಅದರಲ್ಲಿ ಕಾಣುತ್ತವೆ, ಫೋಟೊದಲ್ಲಿ ಅನೇಕ ಸಲ ಕಾಣುವುದಿಲ್ಲ. ಒಂದೇ ಕಾಲದ ಹತ್ತಾರು ಬೈಕುಗಳ ಸಂಖ್ಯೆಗಳನ್ನು ಅವುಗಳ ಮೊದಲ ನೋಂದಣಿ ದಿನಾಂಕದೊಂದಿಗೆ ಪಟ್ಟಿ ಮಾಡಿದರೆ ಯಾವ ವರ್ಷ ಯಾವ ಸಂಖ್ಯೆಗಳು ಓಡುತ್ತಿದ್ದವು ಎಂಬುದು ನಿಧಾನವಾಗಿ ತೆರೆದುಕೊಳ್ಳುತ್ತದೆ. ನೋಂದಣಿಯ ದಿನಾಂಕವು ತಯಾರಿಕೆಯ ದಿನಾಂಕವಲ್ಲ ಎಂಬ ಎಚ್ಚರ ಬೇಕು. ಮಾರಾಟಗಾರನ ಬಳಿ ತಿಂಗಳುಗಟ್ಟಲೆ ನಿಂತ ವಾಹನಗಳೂ ಇರುತ್ತವೆ.

ಎರಡನೆಯದು ಆರ್‌ಸಿ ಪುಸ್ತಕ. ಹಳೆಯ ಕಾಗದದ ಆರ್‌ಸಿಯಲ್ಲಿ ಮಾಲೀಕರು ಬದಲಾದ ಕ್ರಮ, ಊರುಗಳು, ಬಣ್ಣ, ತೆರಿಗೆಯ ಮುದ್ರೆಗಳು ದಾಖಲಾಗಿರುತ್ತವೆ. 1988ರ ಮೋಟಾರು ವಾಹನ ಕಾಯಿದೆ ಜಾರಿಗೆ ಬಂದ ಮೇಲೆ ರಾಜ್ಯದ ವಾಹನಗಳು 'ಕೆಎ' ಅಕ್ಷರಗಳಿಂದ ಆರಂಭವಾದವು. ಅದಕ್ಕೂ ಹಿಂದಿನವು 'ಎಂವೈ', 'ಸಿಎ' ಮೊದಲಾದ ಅಕ್ಷರಗಳವು. 'ಎಂವೈ' ಎಂಬುದು ಮೈಸೂರು ರಾಜ್ಯದ ಕಾಲದಿಂದ ಬಂದದ್ದು. ಹಳೆಯ ಕಡತ ಯಾವ ಕಚೇರಿಯಲ್ಲಿದೆ ಎಂದು ತಿಳಿಯಲು ಆ ಪ್ರದೇಶದ ಆಡಳಿತದ ಚರಿತ್ರೆಯೂ ಗೊತ್ತಿರಬೇಕು. ಉದಾಹರಣೆಗೆ, ಸವದತ್ತಿ ತಾಲ್ಲೂಕಿನ ಮುನವಳ್ಳಿಯ ವಾಹನ ಈಗ ಬೈಲಹೊಂಗಲದ ಕೆಎ 24 ಸಂಖ್ಯೆ ಪಡೆಯುತ್ತದೆ. ಅದೇ ಊರಿನ ಹಳೆಯ ಬೈಕಿನ ಕಾಗದಕ್ಕೆ ಜಿಲ್ಲಾ ಕೇಂದ್ರವಾದ ಬೆಳಗಾವಿಯಲ್ಲಿ ವಿಚಾರಿಸಬೇಕಾಗಬಹುದು. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆದ್ದರಿಂದ ಆ ಭಾಗದಲ್ಲಿ ಸಿಗುವ, ಮೈಸೂರು ಕಾರ್ಖಾನೆಗೂ ಹಿಂದಿನ ಆಮದು ಬೈಕುಗಳ ಮೊದಲ ನೋಂದಣಿ ಮುಂಬಯಿ ರಾಜ್ಯದ್ದಾಗಿರಬಹುದು.

ಮುದ್ರಿತ ಸಾಮಗ್ರಿಯಲ್ಲಿ ಬಿಡಿಭಾಗಗಳ ಕೈಪಿಡಿಗೆ ಮೊದಲ ಸ್ಥಾನ. ಅದರಲ್ಲಿ ಪ್ರತಿ ಭಾಗಕ್ಕೂ ಚಿತ್ರ ಮತ್ತು ಸಂಖ್ಯೆ ಇರುವುದರಿಂದ ಯಾವ ಮಾದರಿಗೆ ಯಾವ ದೀಪ, ಯಾವ ಮಡ್‌ಗಾರ್ಡು ಎಂದು ನಿರ್ಧರಿಸಬಹುದು. ಮಾಲೀಕರ ಕೈಪಿಡಿ, ಮಾರಾಟಗಾರರ ರಸೀದಿ, ವಾರಂಟಿ ಚೀಟಿ, ಕೊಂಡ ದಿನ ತೆಗೆಸಿದ ಕುಟುಂಬದ ಫೋಟೊ ಇವೂ ಸಾಕ್ಷ್ಯಗಳೇ. ಮದುವೆಯ ಆಲ್ಬಂಗಳಲ್ಲಿ, ಬೈಕಿನ ಮೇಲೆ ಮಗುವನ್ನು ಕೂರಿಸಿ ತೆಗೆದ ಚಿತ್ರಗಳಲ್ಲಿ ಟ್ಯಾಂಕಿನ ಗೆರೆ, ಸೀಟಿನ ಆಕಾರ ಸ್ಪಷ್ಟವಾಗಿ ಸಿಗುತ್ತವೆ. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್, ಸಂಯುಕ್ತ ಕರ್ನಾಟಕ, ಸುಧಾ ಪತ್ರಿಕೆಗಳ ಹಳೆಯ ಸಂಚಿಕೆಗಳ ಜಾಹೀರಾತು ಪುಟಗಳೂ, 1978ರಿಂದ ಮೈಸೂರಿನಿಂದ ಹೊರಡುತ್ತಿರುವ ಮೈಸೂರು ಮಿತ್ರ ಮತ್ತು ಸ್ಟಾರ್ ಆಫ್ ಮೈಸೂರಿನ ಸ್ಥಳೀಯ ಸುದ್ದಿಗಳೂ ನೋಡತಕ್ಕವು. ಕಂಪನಿಯ ಕೊನೆಯ ವರ್ಷಗಳ ಬಗ್ಗೆ ನ್ಯಾಯಾಲಯದ ಆದೇಶಗಳಲ್ಲಿ ಬೇರೆಲ್ಲೂ ಸಿಗದ ವಿವರಗಳಿವೆ. ಬೈಕಿನ ಹುಚ್ಚಿರುವವರು ಸಾಮಾನ್ಯವಾಗಿ ಇವನ್ನು ಓದುವುದಿಲ್ಲ.

ಮೌಖಿಕ ಇತಿಹಾಸ

1961ರಲ್ಲಿ 20ರ ವಯಸ್ಸಿಗೆ ಕಾರ್ಖಾನೆ ಸೇರಿದವರು ಇಂದು 80 ದಾಟಿದ್ದಾರೆ. ಎರಕ, ಜೋಡಣೆ, ಬಣ್ಣ, ಪರೀಕ್ಷಾ ಸವಾರಿ ಮೊದಲಾದ ವಿಭಾಗಗಳಲ್ಲಿ ದುಡಿದವರ ಅನುಭವವನ್ನು ದಾಖಲಿಸುವ ಕೆಲಸಕ್ಕೆ ಇನ್ನು ಹೆಚ್ಚು ಕಾಲವಿಲ್ಲ. 'ನಿಮ್ಮ ಅನುಭವ ಹೇಳಿ' ಎಂಬ ಸಾಮಾನ್ಯ ಪ್ರಶ್ನೆಗಿಂತ ವಸ್ತುವೊಂದನ್ನು ಮುಂದಿಟ್ಟು ಕೇಳುವುದು ಫಲಕಾರಿ. ಒಂದು ಹಳೆಯ ಟ್ಯಾಂಕನ್ನೋ ಕ್ರ್ಯಾಂಕ್‌ಕೇಸನ್ನೋ ಕೈಗೆ ಕೊಟ್ಟರೆ ಗೆರೆ ಎಳೆಯಲು ಬಳಸುತ್ತಿದ್ದ ಕುಂಚ, ಪಾಳಿಯ ವೇಳೆ, ಜೊತೆಗಾರರ ಹೆಸರು ತಾವಾಗಿಯೇ ಬರುತ್ತವೆ. ಮಾತನ್ನು ಧ್ವನಿಮುದ್ರಿಸುವ ಮೊದಲು ಒಪ್ಪಿಗೆ ಪಡೆಯಬೇಕು; ದಿನಾಂಕ, ಸ್ಥಳ, ಹೇಳಿದವರು ಯಾವ ವಿಭಾಗದಲ್ಲಿ ಎಷ್ಟು ವರ್ಷ ಇದ್ದರು ಎಂಬುದನ್ನು ಬರೆದಿಡಬೇಕು. ಇಸವಿಗಳ ವಿಷಯದಲ್ಲಿ ನೆನಪು ಜಾರುವುದು ಸಹಜ. ಅದನ್ನು ಕಾಗದದೊಂದಿಗೆ ಒರೆಹಚ್ಚಬೇಕು. ಕೆಲಸದ ವಿಧಾನ, ಉಪಕರಣ, ಕಾರ್ಮಿಕರ ನಡುವಿನ ಮಾತು ಇವುಗಳಿಗಾದರೆ ನೆನಪಿಗಿಂತ ಒಳ್ಳೆಯ ದಾಖಲೆ ಇಲ್ಲ.

ಸಣ್ಣ ಊರುಗಳ ಮೆಕ್ಯಾನಿಕ್‌ಗಳ ತಿಳಿವಳಿಕೆಯೂ ಇದೇ ಬಗೆಯದು. ಕಾರ್ಖಾನೆಯ ಭಾಗ ಸಿಗದೆ ಹೋದಾಗ ಯಾವ ಗಾಡಿಯ ಬೇರಿಂಗ್ ಹೊಂದುತ್ತದೆ, ಲೇತ್ ಯಂತ್ರದಲ್ಲಿ ಏನನ್ನು ಎಷ್ಟು ಕೆತ್ತಬೇಕು ಎಂಬ ಜ್ಞಾನದಿಂದಲೇ ಈ ಬೈಕುಗಳು 1996ರ ನಂತರ ಓಡಿದ್ದು. ಅದನ್ನು ಕೇವಲ 'ಜುಗಾಡ್' ಎಂದು ತಳ್ಳಿಹಾಕುವುದು ತಪ್ಪು. ಆ ಬದಲಾವಣೆಗಳೂ ಬೈಕಿನ ಚರಿತ್ರೆಯ ಭಾಗವೇ.

ಸಂರಕ್ಷಣೆ ಮತ್ತು ಜೀರ್ಣೋದ್ಧಾರ

ಇರುವುದನ್ನು ಇದ್ದಂತೆ ಕಾಪಾಡುವುದು ಸಂರಕ್ಷಣೆ. ಹೊಸದಾಗಿದ್ದಾಗ ಹೇಗಿತ್ತೋ ಹಾಗೆ ಮಾಡುವುದು ಜೀರ್ಣೋದ್ಧಾರ. ಇವೆರಡೂ ಒಂದೇ ಅಲ್ಲ. ಮೈಸೂರು ಬೈಕುಗಳ ವಿಷಯದಲ್ಲಿ ಎರಡನೆಯದೇ ಹೆಚ್ಚು ನಡೆದಿದೆ. ಹಳೆಯ ಬಣ್ಣವನ್ನು ಕೆರೆದು, ಹೊಸ ಕ್ರೋಮ್ ಹಾಕಿಸಿ, ಮೂಲದಲ್ಲಿ ಇಲ್ಲದ ಬಣ್ಣ ಬಳಿದ ಬೈಕು ಪ್ರದರ್ಶನದಲ್ಲಿ ಕಣ್ಸೆಳೆಯುತ್ತದೆ, ಆದರೆ ಕಾರ್ಖಾನೆಯಲ್ಲಿ ಕೈಯಿಂದ ಎಳೆದ ಗೆರೆ ಒಮ್ಮೆ ಹೋದರೆ ಮತ್ತೆ ಸಿಗುವುದಿಲ್ಲ. ಜಾವಾ ಹೆಸರಿಗೆ ಹೆಚ್ಚು ಬೆಲೆ ಇರುವುದರಿಂದ ಯೆಜ್ಡಿ ಬೈಕಿಗೆ ಜಾವಾ ಟ್ಯಾಂಕನ್ನೂ ಬಿಲ್ಲೆಯನ್ನೂ ಹಾಕಿ ಮಾರುವ ರೂಢಿಯೂ ಬೆಳೆದಿದೆ. ಇದರಿಂದ ಕೊಂಡವರಿಗೆ ನಷ್ಟ. ಅದಕ್ಕಿಂತ ಹೆಚ್ಚಾಗಿ, ಯಾವ ಮಾದರಿ ಎಷ್ಟು ಉಳಿದಿದೆ ಎಂಬ ಎಣಿಕೆಯೇ ಕೆಡುತ್ತದೆ.

ಬಿಚ್ಚುವ ಮೊದಲು ದಾಖಲಿಸುವುದು ಒಪ್ಪಿತ ಕ್ರಮ. ಬೈಕನ್ನು ತೊಳೆಯುವುದಕ್ಕೂ ಮುನ್ನ ಎಲ್ಲ ಕಡೆಯಿಂದ ಫೋಟೊ ತೆಗೆಯಬೇಕು. ಟ್ಯಾಂಕಿನ ಅಡಿ, ಸೀಟಿನ ಕೆಳಗೆ, ಉಪಕರಣ ಪೆಟ್ಟಿಗೆಯ ಒಳಗೆ ಮೂಲ ಬಣ್ಣ ಉಳಿದಿರುವುದುಂಟು. ಹೊಸ ಬಣ್ಣವನ್ನು ಅದಕ್ಕೆ ಹೋಲಿಸಿಯೇ ಬೆರೆಸಬೇಕು. ಬದಲಿಸಿದ ಮೂಲ ಭಾಗ ಸವೆದಿದ್ದರೂ ಅದನ್ನು ಎಸೆಯದೆ ಚೀಟಿ ಕಟ್ಟಿ ಇಡಬೇಕು. ಎರಡು ಸೈಲೆನ್ಸರ್‌ಗಳಲ್ಲಿ ಮಸಿ ಕಟ್ಟುವುದು, ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆಯುವುದು ಈ ಎಂಜಿನ್ನಿನ ಸಾಮಾನ್ಯ ತೊಂದರೆಗಳು. ಬಹುಕಾಲ ನಿಂತ ಬೈಕನ್ನು ಎಳೆತಂದ ದಿನವೇ ಕಿಕ್ ಹೊಡೆಯುವ ಆತುರದಿಂದ ಪಿಸ್ಟನ್ ಉಂಗುರಗಳು ಮುರಿಯಬಹುದು. ಮೊದಲು ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರಿಗೆ ಎಣ್ಣೆ ಬಿಟ್ಟು ಒಂದು ದಿನ ಬಿಡುವುದು ಅನುಭವಿಗಳ ರೂಢಿ.

ಈಚಿನ ಸಮಸ್ಯೆ ಇಂಧನದ್ದು. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು 2023ರಿಂದ ದೇಶದ ಬಂಕುಗಳಿಗೆ ಬರತೊಡಗಿತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಬಗೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ತಿಂಗಳಿಗೊಮ್ಮೆ ಹೊರಬರುವ ಬೈಕಿನ ಉಕ್ಕಿನ ಟ್ಯಾಂಕಿಗೆ ಇದು ತುಕ್ಕಿನ ದಾರಿ. ಆದ್ದರಿಂದ ಬಳಸದೆ ಇಡುವ ಬೈಕಿನ ಟ್ಯಾಂಕ್ ಮತ್ತು ಕಾರ್ಬ್ಯುರೇಟರನ್ನು ಬರಿದು ಮಾಡುವುದೂ, ಪೈಪು ಮತ್ತು ಸೀಲುಗಳನ್ನು ಎಥನಾಲ್ ತಡೆಯುವ ಬಗೆಗೆ ಬದಲಿಸುವುದೂ ಸಂರಕ್ಷಣೆಯ ಅಂಗವಾಗಿವೆ.

ಕಾನೂನು

1988ರ ಕಾಯಿದೆಯಂತೆ ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಸಿಂಧು, ಅನಂತರ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಬೈಕುಗಳ ನವೀಕರಣ ಶುಲ್ಕ 300 ರೂಪಾಯಿಯಿಂದ 1,000 ರೂಪಾಯಿಗೆ ಏರಿತು. ಶುಲ್ಕಕ್ಕಿಂತ ದೊಡ್ಡ ತೊಡಕು ಕಾಗದದ್ದು. ಹಳೆಯ ಆರ್‌ಸಿ ಗಣಕೀಕೃತ 'ವಾಹನ್' ವ್ಯವಸ್ಥೆಯಲ್ಲಿ ಸೇರಿರದಿದ್ದರೆ ಮೊದಲು ಅದನ್ನು ಸೇರಿಸಬೇಕು. ಎಂಜಿನ್ ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ವಿಂಟೇಜ್ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇವು ಅನ್ವಯಿಸುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಹೊಸದಾಗಿ ನೋಂದಣಿಯಾಗುವ ವಾಹನದ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂಬ ಗುರುತು ಬರುತ್ತದೆ. ಈಗಾಗಲೇ ನೋಂದಣಿಯಾಗಿರುವವು ಮೂಲ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಇಂಥ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಿಕೆ ಮೊದಲಾದ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ.

ಚಾಸಿಸ್, ಹೊರಮೈ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಈ ನಿಯಮದ ಮುಖ್ಯ ಷರತ್ತು. ಮೇಲೆ ಹೇಳಿದ ಬೆರಕೆ ಬೈಕುಗಳ ಮಾಲೀಕರು ಇದನ್ನು ಗಮನಿಸಬೇಕು. 1960ರ ದಶಕದ ಜಾವಾಗಳೆಲ್ಲ ವಯಸ್ಸಿನ ಲೆಕ್ಕದಲ್ಲಿ ಅರ್ಹ. 1978ರ ರೋಡ್‌ಕಿಂಗ್ 2028ಕ್ಕೆ, 1996ರ ಕೊನೆಯ ಯೆಜ್ಡಿ 2046ಕ್ಕೆ ಅರ್ಹವಾಗುತ್ತವೆ. ಅಲ್ಲಿಯವರೆಗೆ ಅವು ಕಾನೂನಿನ ಕಣ್ಣಿನಲ್ಲಿ ಬರೀ ಹಳೆಯ ಗಾಡಿಗಳು. ಹೆಚ್ಚು ಯೆಜ್ಡಿಗಳು ಗುಜರಿಯ ಪಾಲಾಗುವ ಅಪಾಯವಿರುವುದು ಈ ನಡುವಿನ ವರ್ಷಗಳಲ್ಲಿಯೇ.

ಕೂಟಗಳು ಮತ್ತು ಸಂಗ್ರಹಾಲಯಗಳು

ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ–ಯೆಜ್ಡಿ ದಿನವಾಗಿ ಆಚರಿಸಲಾಗುತ್ತದೆ. ಬೆಂಗಳೂರು, ಮೈಸೂರು ಸೇರಿದಂತೆ ಹಲವು ನಗರಗಳಲ್ಲಿ ಅಂದು ಹಳೆಯ ಬೈಕುಗಳು ಒಂದೆಡೆ ಸೇರುತ್ತವೆ. ಬೆಂಗಳೂರಿನ ಜಾವಾ ಯೆಜ್ಡಿ ಕ್ಲಬ್ಬಿನಂಥ ಕೂಟಗಳು ಬಿಡಿಭಾಗ, ಮೆಕ್ಯಾನಿಕ್, ಕಾಗದಪತ್ರಗಳ ಮಾಹಿತಿಯ ವಿನಿಮಯಕ್ಕೂ ನೆರವಾಗುತ್ತವೆ. ಒಂದೇ ಬೆಳಿಗ್ಗೆ ನೂರಾರು ಬೈಕುಗಳು ಒಂದೇ ಕಡೆ ಸಿಗುವ ಈ ದಿನ ಸಂಖ್ಯೆಗಳ ಪಟ್ಟಿ ಮಾಡುವವರಿಗೆ ಅಪೂರ್ವ ಅವಕಾಶ.

ವಾಹನಗಳನ್ನು ಪರಂಪರೆಯಾಗಿ ಕಾಣುವ ಸಂಗ್ರಹಾಲಯಗಳು ದೇಶದಲ್ಲಿ ಕೆಲವು ಇವೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವು ಹಳೆಯ ಕಾರುಗಳ ಸಂಗ್ರಹಕ್ಕೆ ಹೆಸರಾದುದು. ಹರಿಯಾಣದ ತಾವಡೂ ಎಂಬಲ್ಲಿ 2013ರಲ್ಲಿ ತೆರೆದ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ದ್ವಿಚಕ್ರ ವಾಹನಗಳಿಗೂ ಸ್ಥಳ ನೀಡಿದೆ. ಕಾರಿಗೆ ಹೋಲಿಸಿದರೆ ಬೈಕು ಕಡಿಮೆ ಜಾಗ ಬೇಡುವ ವಸ್ತು. ಹೀಗಾಗಿ ಸಂರಕ್ಷಣೆಯ ಹೆಚ್ಚಿನ ಭಾರವನ್ನು ಇಲ್ಲಿ ಸಂಗ್ರಹಾಲಯಗಳಿಗಿಂತ ಮನೆಗಳೇ ಹೊತ್ತಿವೆ. ಅಪ್ಪನ ಅಥವಾ ಅಜ್ಜನ ಗಾಡಿ ಎಂಬ ಕಾರಣಕ್ಕೇ ಉಳಿದ ಬೈಕುಗಳ ಕಾಗದಪತ್ರ ಅನೇಕ ಸಲ ಪೂರ್ತಿಯಾಗಿರುತ್ತದೆ, ಕೈ ಬದಲಾಯಿಸಿದವುಗಳದ್ದು ಹಾಗಿರುವುದು ಕಡಿಮೆ.

ಹೆಸರಿನ ಪುನರಾಗಮನ

ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯು 2018ರ ನವೆಂಬರಿನಲ್ಲಿ ಜಾವಾ ಹೆಸರಿನ, 2022ರ ಜನವರಿಯಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳನ್ನು ಬಿಡುಗಡೆ ಮಾಡಿತು. ಸಂಸ್ಥಾಪಕ ಕುಟುಂಬದ ಬೊಮನ್ ಇರಾನಿ ಈ ಕಂಪನಿಯ ಸಹಸ್ಥಾಪಕರಲ್ಲಿ ಒಬ್ಬರು. ಇವು ನಾಲ್ಕು ಹೊಡೆತದ ಎಂಜಿನ್ನಿನ ಹೊಸ ವಾಹನಗಳು, ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹಳೆಯ ಬೈಕಿನ ಭಾಗಗಳು ಇವುಗಳಿಂದ ಸಿಗುವುದಿಲ್ಲ. ಯೆಜ್ಡಿ ಹೆಸರಿನ ಒಡೆತನದ ವಿವಾದವು ಕರ್ನಾಟಕ ಹೈಕೋರ್ಟಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠವು ಆ ವ್ಯಾಪಾರಚಿಹ್ನೆ ಸಮಾಪನದಲ್ಲಿರುವ ಐಡಿಯಲ್ ಜಾವಾ ಕಂಪನಿಗೇ ಸೇರಿದ್ದೆಂದು ತೀರ್ಪಿತ್ತಿತು. ಇದರ ವಿರುದ್ಧ ವಿಭಾಗೀಯ ಪೀಠಕ್ಕೆ ಮೇಲ್ಮನವಿ ಸಲ್ಲಿಕೆಯಾಯಿತು. ಉತ್ಪಾದನೆ ನಿಂತು ಕಾಲು ಶತಮಾನ ಕಳೆದ ಮೇಲೂ ಕಂಪನಿಯ ಹೆಸರಿಗೆ ವ್ಯಾಪಾರದ ಬೆಲೆ ಉಳಿದಿತ್ತೆಂಬುದಕ್ಕೆ ಈ ವ್ಯಾಜ್ಯವೇ ದಾಖಲೆ. ಕಾರ್ಖಾನೆಯ ಹೂಡಿಕೆ, ನೋಂದಣಿ, ಮುಚ್ಚುಗಡೆಗಳ ಬಗ್ಗೆ ಅದರ ತೀರ್ಪಿನಲ್ಲಿ ಸೇರಿರುವ ವಿವರಗಳು ಮೈಸೂರಿನ ಕೈಗಾರಿಕಾ ಇತಿಹಾಸದ ವಿದ್ಯಾರ್ಥಿಗಳಿಗೆ ಉಪಯುಕ್ತವಾಗಿವೆ.